‘ಗಾನ್ ಹೋಮ್’ ಅಂಕಣದಲ್ಲಿ ಕುಸುಮಾವತಿ

ಫೇರ್‌ಫ್ಯಾಕ್ಸಿನ ಐತಪ್ಪ ಬಂಗೇರರು ಮ್ಯಾಕ್‌ಟಾರಿ ಎಂಬ ಸ್ಕಾಟಿಷ್ ಕುಲದ ಸುದ್ದಿ ಸಂಪಾದಕರಾದದ್ದು ಖಡ್ಗ ಹಿರಿದಲ್ಲ, ಮ್ಯೂಟ್ ತೆಗೆದು.

ಕೊರೋನಾದ ಮೊದಲ ಬೇಸಿಗೆ. ಪಕ್ಕದ ಮನೆಯ ಡಂಕನ್ ಮ್ಯಾಕ್‌ಟಾರಿ ಹಿತ್ತಲಿನ ಡೆಕ್ಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದಕ್ಕೆ ಬೈಯುತ್ತಿದ್ದರು. ಎಂಬತ್ತರ ಹತ್ತಿರದ ವಿಧುರ. ಕೆನ್ನೆಯ ಮೇಲೆ ಬಿಳಿ ಪೊದೆಯಂಥ ಗಡ್ಡ. ವರ್ಜೀನಿಯಾದಿಂದ ಜಾರ್ಜಿಯಾದವರೆಗೆ ಹರಡಿದ್ದ ಮ್ಯಾಕ್‌ಟಾರಿ ಸೊಸೈಟಿಯ ಕಾರ್ಯದರ್ಶಿ. ಜೂಮ್ ಸಭೆಯಲ್ಲಿ ಕುಲದ ವಾರ್ಷಿಕ ವರದಿಯನ್ನು ಆಗಷ್ಟೇ ಆವೇಶದಿಂದ ಓದಿ ಮುಗಿಸಿದ್ದರು. ಒಂದು ಅಕ್ಷರವೂ ಯಾರಿಗೂ ಕೇಳಿಸಿರಲಿಲ್ಲ. ಬೇಲಿಯ ಈಚೆ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದ ಐತಪ್ಪ ಮಾಸ್ಕ್ ಏರಿಸಿಕೊಂಡು ಹೋಗಿ ಒಂದು ಬಟನ್ ಒತ್ತಿದರು. ಪರದೆಯ ಮೇಲಿದ್ದ ವೃದ್ಧ ವೀರರೆಲ್ಲ ಚಪ್ಪಾಳೆ ತಟ್ಟಿದರು.

ಸರ್ಕಾರಿ ಗುತ್ತಿಗೆಯ ಕಂಪನಿಯೊಂದರಲ್ಲಿ, ಪಾಸ್‌ವರ್ಡ್ ಮರೆತ ಅಧಿಕಾರಿಗಳಿಗೆ ಹೊಸ ಪಾಸ್‌ವರ್ಡ್ ಕೊಡುವುದೇ ಐತಪ್ಪನವರ ಉದ್ಯೋಗ. ಇಪ್ಪತ್ತು ವರ್ಷಗಳಲ್ಲಿ ಯಾವ ಅಧಿಕಾರಿಯೂ ಅವರಿಗೆ ಚಪ್ಪಾಳೆ ತಟ್ಟಿರಲಿಲ್ಲ. ಅಲ್ಲಿಗೆ ಮನುಷ್ಯ ಕೈತಪ್ಪಿ ಹೋದರು. ಮೊದಲು ಸೊಸೈಟಿಯ ವೆಬ್‌ಸೈಟ್ ರಿಪೇರಿ, ಆಮೇಲೆ ಸದಸ್ಯರ ಪಾಸ್‌ವರ್ಡ್, ಆಮೇಲೆ ಮೂರು ತಿಂಗಳಿಗೊಮ್ಮೆ ಬರುವ ಸುದ್ದಿಪತ್ರ. ಹುಟ್ಟು, ಮದುವೆ, ಬ್ಯಾಗ್‌ಪೈಪ್ ಪಾಠ, ಯಾರದೋ ಅಜ್ಜನ ಅಜ್ಜ ಯಾವ ಹಡಗಿನಿಂದ ಕೆರೊಲಿನಾದಲ್ಲಿ ಇಳಿದ ಎಂಬ ತರ್ಕ, ಎಲ್ಲವೂ ಮುಲ್ಕಿಯ ಐತಪ್ಪನವರ ಕೈಯಿಂದಲೇ ಅಚ್ಚಾಗತೊಡಗಿತು.

ಹೊರಗಿನವರಿಗೆ ಪದವಿ ಕೊಡುವ ಮುನ್ನ ವಿಚಾರಣೆ ನಡೆಯಬೇಕಲ್ಲ, ನಡೆಯಿತು. ಸೊಸೈಟಿಯ ಅಧ್ಯಕ್ಷೆ ಲಾರ್ನಾ, ದಕ್ಷಿಣ ಕೆರೊಲಿನಾದ ನಿವೃತ್ತ ಹೆಡ್‌ಮಿಸ್ಟ್ರೆಸ್, ಜೂಮ್‌ನಲ್ಲಿ ಕೇಳಿದರು. “ಮಿಸ್ಟರ್ ಬಂಗೇರಾ, ನಿಮ್ಮಲ್ಲೂ ಕುಲ ಅಂತ ಇದೆಯೇ?”

“ಉಂಟು ಮೇಡಂ. ನಾವು ಬರಿ ಅಂತೇವೆ. ನನ್ನದು ಬಂಗೇರ ಬರಿ. ತಾಯಿಯ ಕಡೆಯಿಂದ ಬರುವುದು.”

“ಓ, ಹಾಗಾದರೆ ನಿಮ್ಮ ಹೆಂಡತಿ?”

“ಅವಳು ಸಾಲಿಯಾನ್.”

“ಮಗಳು?”

“ಅವಳೂ ಸಾಲಿಯಾನ್. ತಾಯಿಯದ್ದೇ ಅಲ್ವಾ?”

ಲಾರ್ನಾ ಕನ್ನಡಕ ತೆಗೆದರು. “ಅಂದರೆ ನಿಮ್ಮ ಮನೆಯಲ್ಲಿ ನಿಮ್ಮ ಕುಲದವರು…”

“ನಾನೊಬ್ಬನೇ.”

ಪರದೆಯ ತುಂಬ ಅಯ್ಯೋ ಎನ್ನುವ ಮುಖಗಳು. ಸ್ವಂತ ಮನೆಯಲ್ಲೇ ಅಲ್ಪಸಂಖ್ಯಾತನಾದ ಈ ಮನುಷ್ಯನನ್ನು ಸಾಕಿಕೊಳ್ಳುವುದು ತಮ್ಮ ಕರ್ತವ್ಯವೆಂದು ಕುಲ ಒಮ್ಮತದಿಂದ ತೀರ್ಮಾನಿಸಿತು. ಗೌರವ ಸದಸ್ಯತ್ವದ ಗುರುತಾಗಿ ಅಂಚೆಯಲ್ಲಿ ಒಂದು ಹಸಿರು ಚೌಕುಳಿ ಶಾಲು ಬಂತು. ಅದನ್ನು ಹೆಗಲಿಗೇರಿಸಿ ಕನ್ನಡಿಯ ಮುಂದೆ ನಿಂತವರನ್ನು ನೋಡಿ ಹೆಂಡತಿ ಕುಸುಮಾವತಿ, “ಎಂತ, ಬೈರಾಸು ಹಾಕಿಕೊಂಡು ಸ್ನಾನಕ್ಕೆ ಹೊರಟದ್ದಾ?” ಎಂದರು.

ನಗೆಯಲ್ಲೇ ಹೇಳಿದ್ದು. ಕುಸುಮಾವತಿಯವರಿಗೆ ಆಗಿನ್ನೂ ನಗು ಬರುತ್ತಿತ್ತು. ಕೌಂಟಿ ಲೈಬ್ರರಿಯ ಕೆಲಸ ಬಿಟ್ಟು ಮನೆಯಲ್ಲಿದ್ದರು. ಮಗಳು ಅಪೂರ್ವಾ ಕೆಲಸ ಹಿಡಿದು ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕ್‌ಗೆ ಹೋಗಿಯಾಗಿತ್ತು. ಸಂಜೆ ಗಂಡನ ಜೊತೆ ಒಂದು ಲೋಟ ಚಹಾ ಕುಡಿಯೋಣವೆಂದರೆ ಗಂಡ ಮ್ಯಾಕ್‌ಟಾರಿಗಳ ಹದಿನೆಂಟನೇ ಶತಮಾನದಲ್ಲಿರುತ್ತಿದ್ದರು. ಕನ್ನಡ ಸಂಘದ ಶೇಷಾದ್ರಿ ಫೋನಿನಲ್ಲಿ ಕೆಣಕಿದ್ದೂ ಆಯಿತು: “ಏನ್ ಬಂಗೇರ ಅವ್ರೇ, ನಮ್ ಯುಗಾದಿ ಪ್ರೋಗ್ರಾಂ ಸ್ಕಿಪ್ ಮಾಡಿದ್ರಿ. ಮುಂದಿನ್ ವರ್ಷ ಬೇವು ಬೆಲ್ಲಾನ ಸ್ಕಾಟ್ಲೆಂಡ್‌ಗೇ ಪಾರ್ಸೆಲ್ ಮಾಡ್ಲಾ?”

ಈ ಸುದ್ದಿಪತ್ರದ ಕೊನೆಯ ಪುಟದಲ್ಲಿ ‘ಗಾನ್ ಹೋಮ್’, ಅಂದರೆ ‘ಮನೆಗೆ ಹೋದರು’, ಎಂಬ ಪುಟ್ಟ ಅಂಕಣವಿತ್ತು. ಅದನ್ನು ಮಾತ್ರ ಡಂಕನ್ ತಾವೇ ತುಂಬಿ, ಚಂದದ ಚೌಕಟ್ಟು ಹಾಕಿ ಕಳಿಸುತ್ತಿದ್ದರು. ಪ್ರತಿ ಸಂಚಿಕೆಯಲ್ಲೂ ಮೂರೋ ನಾಲ್ಕೋ ಹೆಸರು. ‘ಷಾರ್ಲೆಟ್‌ನ ಮಾರ್ಗರೆಟ್, 94, ಗಾನ್ ಹೋಮ್. ಅವರ ನಗುವನ್ನು ನಾವು ಮರೆಯೆವು.’ ಐತಪ್ಪನವರು ಓದಿ ಬೆರಗಾಗಿ ಹೆಂಡತಿಯನ್ನು ಕರೆದಿದ್ದರು. “ನೋಡು ಮಾರಾಯ್ತಿ, ತೊಂಬತ್ತನಾಲ್ಕು! ಈ ಪ್ರಾಯದಲ್ಲಿ ಊರಿಗೆ ವಾಪಸ್ ಹೊರಟ್ರಂತೆ. ಎಂತ ಧೈರ್ಯ!”

“ವೀಲ್‌ಚೇರ್ ಅಸಿಸ್ಟೆನ್ಸ್ ತಗೊಂಡಿರ್ತಾರೆ,” ಎಂದರು ಕುಸುಮಾವತಿ.

ಇದರಲ್ಲಿ ತಪ್ಪು ಹುಡುಕಬಾರದು. ಅಮೆರಿಕದಲ್ಲಿರುವ ನಮ್ಮವರ ಬಾಯಲ್ಲಿ ‘ಊರಿಗೆ ಹೋದರು’ ಎಂದರೆ ಎರಡು ದೊಡ್ಡ ಸೂಟ್‌ಕೇಸು, ಒಂದು ಕ್ಯಾಬಿನ್ ಬ್ಯಾಗು, ಹಂಚಲಿಕ್ಕೆ ಚಾಕೊಲೇಟು. ಆ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ವಯಸ್ಸಾದ ಮ್ಯಾಕ್‌ಟಾರಿಗಳು ಒಬ್ಬೊಬ್ಬರಾಗಿ ಮನೆ ಮಾರಿ ಸ್ಕಾಟ್ಲೆಂಡಿಗೆ ಹಿಂದಿರುಗುತ್ತಿದ್ದಾರೆ ಎಂದು ಐತಪ್ಪನವರು ಒಂದೂವರೆ ವರ್ಷ ದೃಢವಾಗಿ ನಂಬಿದ್ದರು. ಅವರ ಕುಲಾಭಿಮಾನ ಕಂಡು ತಮ್ಮಷ್ಟಕ್ಕೆ ನಾಚಿಕೊಂಡೂ ಇದ್ದರು.

2022ರ ಜನವರಿಯಲ್ಲಿ ಮುಲ್ಕಿಯಿಂದ ಸುದ್ದಿ ಬಂತು. ಸಾಲಿಯಾನರ ಕುಟುಂಬದ ದೈವಕ್ಕೆ ಬಹಳ ವರ್ಷಗಳಿಂದ ನಿಂತುಹೋಗಿದ್ದ ನೇಮ, ದೈವವೇ ಮೈದುಂಬಿ ಬಂದು ನುಡಿಯುವ ಕೋಲ, ಏಪ್ರಿಲ್‌ನಲ್ಲಿ ನಡೆಯುವುದೆಂದು. ಕುಟುಂಬದ ಹೆಂಗಸರಲ್ಲಿ ಈಗ ಕುಸುಮಾವತಿಯೇ ಹಿರಿಯರು, ಅವರಿಲ್ಲದೆ ಆಗದು. ಆಮೇಲೆ ನಡೆದ ಮಾತು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದಾಗ ಖಾರ ಅರ್ಧ ಇಳಿದಿದೆ.

“ಇಬ್ಬರಿಗೂ ಟಿಕೆಟ್ ಮಾಡುವ,” ಎಂದರು ಕುಸುಮಾವತಿ.

“ಏಪ್ರಿಲ್‌ನಲ್ಲಾ? ಏಪ್ರಿಲ್‌ನಲ್ಲಿ ನಮ್ಮದು ಉಂಟಲ್ಲ.”

“ನಮ್ಮದು ಎಂತದ್ದು?”

“ಹೈಲ್ಯಾಂಡ್ ಗೇಮ್ಸ್. ಕೊರೋನಾದ ನಂತರ ಮೊದಲ ಸಲ ಎಲ್ಲ ಮ್ಯಾಕ್‌ಟಾರಿಗಳೂ ಷಾರ್ಲೆಟ್ ಹತ್ತಿರ ಸೇರ್ತಾರೆ. ಡೇರೆ, ಬ್ಯಾನರ್ ಎಲ್ಲ ನನ್ನ ತಲೆ ಮೇಲೆ.”

“ನಮ್ಮದು,” ಎಂದು ಕುಸುಮಾವತಿ ಆ ಪದವನ್ನು ಬಾಯಲ್ಲಿಟ್ಟು ರುಚಿ ನೋಡಿದ ಹಾಗೆ ಹೇಳಿದರು. ಆಮೇಲೆ ಒಂದೇ ಟಿಕೆಟ್ ಮಾಡಿದರು.

ಮನೆಗೆ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದಲ್ಲಿ “ಹೋಗ್ತೇನೆ” ಎಂದರು. ಹೋಗಿ ಬರ್ತೇನೆ ಎನ್ನಲಿಲ್ಲ. ಐತಪ್ಪನವರಿಗೆ ಅದು ಕೇಳಿಸಿದ್ದು ಪಾರ್ಕಿಂಗ್‌ನಿಂದ ಹೊರಬಂದು ಹೆದ್ದಾರಿ ಸೇರಿದ ಮೇಲೆ.

ಅತ್ತ ಮುಲ್ಕಿಯಲ್ಲಿ ದೈವ ಸಾಲಿಯಾನರ ಎದುರು ನಿಂತು ಅಭಯ ಕೊಟ್ಟ ವಾರವೇ ಇತ್ತ ಉತ್ತರ ಕೆರೊಲಿನಾದ ಹುಲ್ಲುಗಾವಲಿನಲ್ಲಿ, ಚಡ್ಡಿಗಿಂತ ಉದ್ದ ಲುಂಗಿಗಿಂತ ಗಿಡ್ಡವಾದ ಕಿಲ್ಟ್ ತೊಟ್ಟ ಭೀಮಕಾಯರು ತೆಂಗಿನ ಮರದಂಥ ಕಂಬಗಳನ್ನು ಎತ್ತಿ ಎಸೆಯುವುದನ್ನು ಐತಪ್ಪನವರು ಫೋಟೋ ತೆಗೆಯುತ್ತಿದ್ದರು. ಮ್ಯಾಕ್‌ಟಾರಿಗಳ ಕಂಬ ಎಸೆದವನ ಕಾಲ ಬುಡಕ್ಕೇ ಬಿತ್ತು. ಸುದ್ದಿಪತ್ರದಲ್ಲಿ ಅದು ‘ಕೂದಲೆಳೆಯಲ್ಲಿ ಕೈತಪ್ಪಿದ ಜಯ’ವಾಯಿತು.

ಕುಸುಮಾವತಿ ಮೇ ತಿಂಗಳಲ್ಲಿ ಬರಬೇಕಿತ್ತು. ಮಳೆ ಕಳೆಯಲಿ ಎಂದರು. ಜೂನ್‌ನಲ್ಲಿ ಕೇಳಿದರೆ “ನೋಡುವ” ಎಂದರು. ಮಂಗಳೂರು ಕಡೆಯ ‘ನೋಡುವ’ ಎಂಬ ಪದ ಎಷ್ಟು ದೂರ ಬೇಕಾದರೂ ಹಿಗ್ಗುತ್ತದೆ. ಅದರೊಳಗೆ ನಾಳೆಯೂ ಇರಬಹುದು, ಎಂದಿಗೂ ಇಲ್ಲ ಎನ್ನುವುದೂ ಇರಬಹುದು. ಯಾವುದೆಂದು ಕೇಳುವ ಧೈರ್ಯ ಐತಪ್ಪನವರಿಗೆ ಬರಲಿಲ್ಲ. ಬರಿ ಎಂದರೆ ತುಳುವಿನಲ್ಲಿ ಕುಲ, ಕನ್ನಡದಲ್ಲಿ ಖಾಲಿ. ಆ ಮನೆಯಲ್ಲೀಗ ಎರಡು ಅರ್ಥದಲ್ಲೂ ಬರಿ ಬಂಗೇರ. ಇಬ್ಬರಿಗೆಂದು ಅಕ್ಕಿ ಹಾಕಿ, ಒಬ್ಬರೇ ಎರಡು ದಿನ ಉಣ್ಣುತ್ತಿದ್ದರು.

ಜುಲೈ ಸಂಚಿಕೆಯ ಹೊತ್ತಿಗೆ ಡಂಕನ್ ಮೊಣಕಾಲಿನ ಆಪರೇಷನ್‌ಗೆಂದು ಷಾರ್ಲೆಟ್‌ನ ಮಗನ ಮನೆಯಲ್ಲಿದ್ದರು. ‘ಗಾನ್ ಹೋಮ್’ ಖಾಲಿ ಉಳಿದಿತ್ತು. ಐತಪ್ಪನವರು ಕುಳಿತು ಬರೆದರು: ‘ನಮ್ಮ ಸುದ್ದಿ ಸಂಪಾದಕರ ಪತ್ನಿ ಕುಸುಮಾವತಿ, ವರ್ಜೀನಿಯಾದಲ್ಲಿ ಇಪ್ಪತ್ತಾರು ವರ್ಷ ಬಾಳಿ, ಅರಬ್ಬಿ ಸಮುದ್ರದ ತೀರಕ್ಕೆ ಗಾನ್ ಹೋಮ್. ಹೊರಡುವ ಮುನ್ನ ಆಕೆ ಹೇಳಿದ್ದನ್ನು ಪತಿ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈಗ ಮನೆ ದೊಡ್ಡದಾಗಿದೆ.’ ಹೂ ಬಿಟ್ಟ ಚೆರಿ ಮರದ ಕೆಳಗೆ ಹಳದಿ ಸೀರೆಯಲ್ಲಿ ನಿಂತ ಫೋಟೋ ಹಾಕಿದರು. ಹೆಂಡತಿಯ ಮುಂದೆ ಆಡಲಾಗದ ಮಾತನ್ನು ನಾನೂರು ಸ್ಕಾಟಿಷರ ಮುಂದೆ ಆಡಿ ಹಗುರಾದರು. ಲಿಂಕನ್ನು ಹೆಂಡತಿಗೂ ಕಳಿಸಿದರು. ಕಂಬ ಎಸೆಯುವವರ ಸುದ್ದಿ ಇರಬೇಕೆಂದು ಕುಸುಮಾವತಿ ತೆರೆಯಲೇ ಇಲ್ಲ.

ಕುಲ ತೆರೆಯಿತು, ಓದಿತು, ಕಣ್ಣೊರೆಸಿಕೊಂಡಿತು. ಮರುವಾರದಿಂದ ಫೇರ್‌ಫ್ಯಾಕ್ಸಿನ ಆ ಮನೆಯ ಮುಂದೆ ಊಟದ ಮೆರವಣಿಗೆ. ಫಾಯಿಲ್ ಮುಚ್ಚಿದ ಟ್ರೇಗಳಲ್ಲಿ ಆಲೂಗಡ್ಡೆ, ಚೀಸ್, ಮತ್ತೆ ಆಲೂಗಡ್ಡೆ. “ನೀವು ಅಡುಗೆ ಮಾಡಬೇಡಿ, ನಿಮ್ಮ ಜೊತೆ ನಾವಿದ್ದೇವೆ” ಎಂಬ ಕಾರ್ಡುಗಳು. ಹೆಂಡತಿ ಊರಿಗೆ ಹೋದ ಗಂಡಸಿಗೆ ಇಷ್ಟು ಉಪಚಾರ ಯಾಕೆಂದು ಒಮ್ಮೆ ಅನ್ನಿಸಿತು. ಆದರೆ ಮೂರು ತಿಂಗಳಿಂದ ಯಾರಾದರೂ ಬೆನ್ನು ಸವರಲಿ ಎಂದು ಕಾಯುತ್ತಿದ್ದವರು ಸವರಿದ ಕೈಯನ್ನು ಹಿಡಿದು ವಿಚಾರಣೆ ಮಾಡಲಿಲ್ಲ.

ಅಕ್ಟೋಬರಿನಲ್ಲಿ ಅಟ್ಲಾಂಟಾ ಬಳಿ ಶರತ್ಕಾಲದ ಗೇಮ್ಸ್. ಎರಡೂ ಕೆರೊಲಿನಾಗಳನ್ನು ದಾಟಿ ಐತಪ್ಪನವರು ಹಿಂದಿನ ದಿನವೇ ಮಗಳ ಮನೆಗೆ ಬಂದಿಳಿದಿದ್ದರು. ಬೆಳಿಗ್ಗೆ ಮೈದಾನದ ಪಾರ್ಕಿಂಗ್‌ನಲ್ಲಿ ಕಾರಿಗೆ ಜಾಗ ಹುಡುಕಲು ಅಪೂರ್ವಾ ಹಿಂದುಳಿದಳು. ಅಪ್ಪ ಶಾಲು ಹೊದ್ದು ಮ್ಯಾಕ್‌ಟಾರಿ ಡೇರೆಯನ್ನು ಹೊಕ್ಕರು. ಒಳಗಿದ್ದವರೆಲ್ಲ ಎದ್ದು ನಿಂತರು. ಲಾರ್ನಾ ಎರಡೂ ಕೈ ಹಿಡಿದುಕೊಂಡರು.

“ಇದ್ದಕ್ಕಿದ್ದ ಹಾಗೆ ಆಯಿತೇ, ಮಿಸ್ಟರ್ ಬಂಗೇರಾ?”

“ಇಲ್ಲ ಮೇಡಂ. ಜನವರಿಯಿಂದಲೇ ಹೇಳ್ತಾ ಇದ್ದಳು. ನಾನೇ ಸೀರಿಯಸ್ ಆಗಿ ತಗೊಳ್ಳಲಿಲ್ಲ.”

“ಕೊನೆಗೆ ನೀವು ಜೊತೆಗಿದ್ದಿರಾ?”

“ಸೆಕ್ಯೂರಿಟಿ ಗೇಟಿನವರೆಗೆ ಹೋಗಿದ್ದೆ. ಅದರಿಂದ ಆಚೆ ಬಿಡುವುದಿಲ್ಲವಲ್ಲ.”

ಪೂರ್ವದೇಶದವರ ಕಲ್ಪನೆ ಎಷ್ಟು ಗಂಭೀರವಾದದ್ದು ಎಂಬಂತೆ ಲಾರ್ನಾ ತಲೆಯಾಡಿಸಿದರು. “ಯಾತನೆ ಇತ್ತೇ?”

“ಅವಳಿಗೆ ಎಂತದ್ದೂ ಇಲ್ಲ. ಈಗ ಆರಾಮ ಇದ್ದಾಳೆ. ಯಾತನೆ ಎಲ್ಲ ನನಗೇ.”

“ಹೌದು, ಹೌದು. ಅವರು ಆರಾಮಾಗಿದ್ದಾರೆ,” ಎಂದು ಲಾರ್ನಾ ಕಣ್ಣು ಒದ್ದೆ ಮಾಡಿಕೊಂಡರು.

ಊರುಗೋಲು ಹಿಡಿದ ಡಂಕನ್ ಬಂದು ಹೆಗಲ ಮೇಲೆ ಕೈಯಿಟ್ಟರು. “ಐತಾಪಾ, ನನ್ನ ಹೆಲೆನ್ ಹೋದಾಗ ಆರು ತಿಂಗಳು ಬಾಗಿಲು ನೋಡುತ್ತಾ ಕೂತಿದ್ದೆ. ಬರುತ್ತಾಳೆ ಅಂತ. ಹಾಗೆ ಕೂರಬೇಡ. ಅವರು ಮರಳಿ ಬರುವುದಿಲ್ಲ, ಗೆಳೆಯಾ. ಎಷ್ಟು ಬೇಗ ಒಪ್ಪಿಕೊಂಡರೆ ಅಷ್ಟು ಒಳ್ಳೆಯದು.”

ಕುಸುಮಾವತಿ ದಿನಾ ಬೇಲಿಯಾಚೆಗೆ ನೀರುದೋಸೆ ಕೊಡುತ್ತಿದ್ದದ್ದು ಈ ಡಂಕನ್‌ಗೆ. ಇಬ್ಬರೂ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ತನಗೆ ಹೇಳದ್ದನ್ನು ಆಕೆ ಇವರಿಗೆ ಹೇಳಿ ಹೋಗಿರಬೇಕು. ಹಾಗಾದರೆ ‘ನೋಡುವ’ ಎಂದರೆ ಇದೇ. ಊರಿಗೆಲ್ಲ ಗೊತ್ತು, ಗಂಡನೊಬ್ಬನಿಗೆ ಗೊತ್ತಿಲ್ಲ.

“ನಿಮಗೆ ಖಾತ್ರಿ ಉಂಟಾ?” ಎಂದು ಕೇಳಿದರು.

“ಯಾರೂ ಬಂದಿಲ್ಲ,” ಎಂದರು ಡಂಕನ್.

ಅಷ್ಟರಲ್ಲಿ ಎಲ್ಲರೂ ಡೇರೆಯ ಮುಂದೆ ಸಾಲಾಗಿ ನಿಂತರು. ಮೇಜಿನ ಮೇಲೆ ‘ಗಾನ್ ಹೋಮ್’ ಎಂದು ಬರೆದ ಹಲಗೆ, ಮೇಣದಬತ್ತಿ, ಒಣ ಹೂವಿನ ಗೊಂಚಲು, ಚೌಕಟ್ಟು ಹಾಕಿದ ನಾಲ್ಕು ಫೋಟೋ. ಒಂದೊಂದೇ ಹೆಸರು ಓದಿದಾಗ ಯಾರಾದರೂ ಒಬ್ಬರು ಎದೆಯ ಮೇಲೆ ಕೈಯಿಟ್ಟು ಮುಂದೆ ಬರುತ್ತಿದ್ದರು. “ಕೂಸಮಾವಾಟಿ ಬಂಗೇರಾ,” ಎಂದು ಲಾರ್ನಾ ಕೂಗಿದರು. ಐತಪ್ಪನವರು ಮುಂದೆ ಹೋದರು. ಊರಿಗೆ ಹೋದವರ ಗೌರವಾರ್ಥ ನಡೆಯುವ ಕಾರ್ಯಕ್ರಮವೆಂದೇ ಅವರು ತಿಳಿದಿದ್ದರು. ಪೈಪಿನವನು ಚೀಲಕ್ಕೆ ಗಾಳಿ ತುಂಬಿ ನುಡಿಸತೊಡಗಿದ. ಕರುವನ್ನು ಕಳೆದುಕೊಂಡ ಹಸುವಿನ ಕೂಗಿನಂಥ, ಮುಗಿಯದ ಸ್ವರ. ಐತಪ್ಪ ಬಂಗೇರರು, ಐವತ್ತೆಂಟು ವರ್ಷದವರು, ಬೈರಾಸಿನಂಥ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಎಲ್ಲರೆದುರು ಅತ್ತರು. ಈ ಅಳುವಿನಲ್ಲಿ ಹಾಸ್ಯವೇನೂ ಇರಲಿಲ್ಲ. ಅವರ ಮಟ್ಟಿಗೆ ಹೆಂಡತಿ ಆ ಕ್ಷಣದಲ್ಲೇ ಹೋದದ್ದು.

ಪೈಪು ನಿಂತಿತು. ನಾನೂರು ಗಜದಾಚೆ ಕಂಬ ಬಿದ್ದ ಸದ್ದು ಕೇಳಿಸುವಷ್ಟು ಮೌನ. ಆ ಮೌನದೊಳಗೆ ಒಂದು ಹೆಣ್ಣುದನಿ ಸ್ಪಷ್ಟವಾಗಿ ಹೇಳಿತು:

“ಅಪೂರ್ವಾ, ಅದು ನನ್ನ ಫೋಟೋ ಅಲ್ವಾ?”

ಜನರ ಹಿಂದೆ ಅಪೂರ್ವಾ ಫೋನನ್ನು ಮೇಲೆ ಹಿಡಿದು ನಿಂತಿದ್ದಳು. ಅಮ್ಮನಿಗೆ ಗೇಮ್ಸ್ ತೋರಿಸೋಣವೆಂದು ವೀಡಿಯೋ ಕಾಲ್ ಮಾಡಿಕೊಂಡೇ ಪಾರ್ಕಿಂಗ್‌ನಿಂದ ಬಂದವಳು. ಮುಲ್ಕಿಯಲ್ಲಿ ರಾತ್ರಿಯೂಟದ ಹೊತ್ತು. ಪರದೆಯಲ್ಲಿ ಕುಸುಮಾವತಿ, ಕೈಯಲ್ಲಿ ಅನ್ನದ ಸೌಟು.

ಡಂಕನ್‌ಗೆ ಆ ಸ್ವರದ ಗುರುತು ಸಿಕ್ಕಿತು. ಊರುಗೋಲು ಬಿಟ್ಟು ಕುರ್ಚಿಯ ಮೇಲೆ ಕುಸಿದರು.

“ಅಪ್ಪಾ!” ಅಪೂರ್ವಾ ಜನರನ್ನು ಸರಿಸಿಕೊಂಡು ಓಡಿ ಬಂದಳು. “ವಾಟ್ ಡಿಡ್ ಯೂ ರೈಟ್? ಗಾನ್ ಹೋಮ್ ಅಂದ್ರೆ ಸತ್ತುಹೋದ್ರು ಅಂತ! ಇವರೆಲ್ಲ ಅಮ್ಮ ಸತ್ತಿದ್ದಾರೆ ಅಂದ್ಕೊಂಡಿದ್ದಾರೆ!”

ಐತಪ್ಪನವರ ತಲೆಯೊಳಗೆ ತೊಂಬತ್ತನಾಲ್ಕರ ಮಾರ್ಗರೆಟ್ ವೀಲ್‌ಚೇರಿನಿಂದೆದ್ದು ನಿಧಾನವಾಗಿ ಆಕಾಶಕ್ಕೇರಿದರು. ಅವರ ಹಿಂದೆ ಒಂದೂವರೆ ವರ್ಷದ ಮ್ಯಾಕ್‌ಟಾರಿಗಳೆಲ್ಲ ಸಾಲಾಗಿ.

ಅವರು ಕುಲದ ಕಡೆ ತಿರುಗಿದರು. “ನನ್ನ ಹೆಂಡತಿ ಸತ್ತಿಲ್ಲ,” ಎಂದರು. “ಇಂಡಿಯಾದಲ್ಲಿದ್ದಾಳೆ. ನಮ್ಮಲ್ಲಿ ಅದಕ್ಕೂ ಹಾಗೇ ಹೇಳ್ತೇವೆ.”

ಮೊದಲು ಪೈಪಿನವನು ನಕ್ಕ. ಆಮೇಲೆ ಇಡೀ ಡೇರೆ. ಲಾರ್ನಾ ಅವಸರವಾಗಿ ಮೇಣದಬತ್ತಿ ಆರಿಸಿ, ಫೋಟೋವನ್ನು ಮೇಜಿನಿಂದ ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಎದೆಗೊತ್ತಿಕೊಂಡು ನಿಂತರು. ಡಂಕನ್ ಮಾತ್ರ ನಗಲಿಲ್ಲ. ಅಪೂರ್ವಾಳ ಕೈಯಿಂದ ಫೋನ್ ಇಸಿದುಕೊಂಡು ಪರದೆಯನ್ನೇ ನೋಡಿದರು. “ಕುಸೂಮಾ, ನಾನು ಮೂರು ತಿಂಗಳು ನಿನಗಾಗಿ ಪ್ರಾರ್ಥನೆ ಮಾಡಿದೆ. ಯಾವಾಗ ವಾಪಸ್ ಬರುತ್ತೀ?”

ಜೂನ್ ನಂತರ ಐತಪ್ಪನವರು ಮತ್ತೆ ಕೇಳದೇ ಇದ್ದ ಪ್ರಶ್ನೆ ಅದು. ಕುಸುಮಾವತಿ ಸೌಟನ್ನು ಕೆಳಗಿಟ್ಟರು. “ಅವರಿಗೆ ಫೋನ್ ಕೊಡಿ ಡಂಕನ್,” ಎಂದರು.

ಐತಪ್ಪನವರು ಫೋನ್ ಹಿಡಿದು ಡೇರೆಯ ಹಿಂಭಾಗಕ್ಕೆ ಹೋದರು. ಅಪೂರ್ವಾ ಬೆನ್ನು ಬಿಡಲಿಲ್ಲ.

“ನನ್ನನ್ನು ಕೊಂದು ಮೂರು ತಿಂಗಳು ಬಟಾಟೆ ತಿಂದದ್ದಾ?”

“ಗೊತ್ತಿರ್ಲಿಲ್ಲ ಮಾರಾಯ್ತಿ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕ್ತೇನೆ. ಬದುಕಿದ್ದಾಳೆ, ಸದ್ಯದಲ್ಲೇ ಬರ್ತಾಳೆ ಅಂತ…”

“ಬದುಕಿದ್ದಾಳೆ ಅಂತ ಹಾಕಿ,” ಎಂದರು ಕುಸುಮಾವತಿ. “ಬರ್ತಾಳೆ ಅಂತ ಹಾಕಬೇಡಿ.”

ಐತಪ್ಪನವರು ಹುಲ್ಲಿನ ಮೇಲೆ ಕೂತರು. ಡೇರೆಯ ಒಳಗೆ ಯಾರೋ ಕುಣಿತದ ಮಟ್ಟು ಶುರು ಮಾಡಿದ್ದರು.

“ಅಲ್ಲಿ ನಿಮಗೆ ಅಳು ಬಂತಲ್ಲ,” ಎಂದರು ಕುಸುಮಾವತಿ. “ನೋಡಿದೆ. ನೇಮದ ದಿವಸ ದೈವ ನನ್ನ ಎದುರು ನಿಂತು ಜೊತೆಯವರು ಎಲ್ಲಿ ಅಂತ ಕೇಳಿತು. ಇಡೀ ಕುಟುಂಬ ನನ್ನ ಮುಖ ನೋಡಿತು. ನಾನು ಎಂತ ಹೇಳ್ಲಿ? ಕಂಬ ಎತ್ಲಿಕ್ಕೆ ಹೋಗಿದ್ದಾರೆ ಅಂತ ಹೇಳ್ಲಾ?”

“ನಾನು ಕಂಬ ಎತ್ತಲಿಲ್ಲ. ಫೋಟೋ ಮಾತ್ರ…” ಎಂದು ಶುರು ಮಾಡಿದವರು ಬಾಯಿ ಮುಚ್ಚಿಕೊಂಡರು. ಅವರ ಜೀವನದ ಅತ್ಯಂತ ಜಾಣ ನಿರ್ಧಾರ ಅದು. “ನಾನು ಬರ್ಬೇಕಿತ್ತು,” ಎಂದರು ಆಮೇಲೆ.

“ನವೆಂಬರ್ ಕೊನೆಗೆ ತಂಬಿಲ ಉಂಟು. ಸಣ್ಣ ಪೂಜೆ, ಮನೆಯವರೇ. ನಿಮ್ಮ ಬರಿಯದ್ದಲ್ಲ, ನಮ್ಮದು. ನಿಮಗೆ ಎದುರಿನ ಸಾಲಿನಲ್ಲಿ ಕುರ್ಚಿ ಸಿಗುವುದಿಲ್ಲ. ಬದಿಯಲ್ಲಿ ಕೂತು ನೋಡ್ಬೇಕು.”

“ಕೂತುಕೊಳ್ತೇನೆ.”

“ಬೇರೆಯವರ ಕುಲದ ಕಾರ್ಯದಲ್ಲಿ ಕೂತು ನಿಮಗೆ ಎಕ್ಸ್‌ಪೀರಿಯನ್ಸ್ ಉಂಟಲ್ಲ,” ಎಂದರು ಕುಸುಮಾವತಿ. “ಅನ್ನ ತಣಿಯಿತು. ಫೋನ್ ಇಡ್ತೇನೆ.”

ನವೆಂಬರ್ ಕೊನೆಗೇ ಕುಲದ ದೊಡ್ಡ ಔತಣ. ಅಲ್ಲಿ ಐತಪ್ಪನವರಿಗೆ ಫಲಕ ಕೊಡುವುದೆಂದು ಲಾರ್ನಾ ಬೇಸಿಗೆಯಲ್ಲೇ ಹೇಳಿದ್ದರು. ಐತಪ್ಪನವರು ಒಳಗೆ ಹೋಗಿ ಕ್ಷಮೆ ಕೇಳಿದರು. “ಆ ವಾರ ಕುಲದ ಕಾರ್ಯ ಉಂಟು ಮೇಡಂ.”

“ನಿಮ್ಮ ಕುಲದ್ದೇ?”

“ಅಲ್ಲ. ಅಲ್ಲಿಯೂ ನಾನು ಗೌರವ ಸದಸ್ಯ.”

ಲಾರ್ನಾ ಎದೆಗೊತ್ತಿಕೊಂಡಿದ್ದ ಫೋಟೋವನ್ನು ಅವರ ಕೈಗೆ ಕೊಟ್ಟರು.

ಅಪೂರ್ವಾ ಹುಲ್ಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಟಿಕೆಟ್ ನೋಡುತ್ತಿದ್ದಳು. “ಹೋಗೋದು ಓಕೆ ಅಪ್ಪಾ, ಡಲ್ಲಸ್‌ನಿಂದ ಒನ್ ಪ್ಯಾಸೆಂಜರ್. ರಿಟರ್ನ್ ಒಂದು ಹಾಕ್ಲಾ, ಎರಡು ಹಾಕ್ಲಾ? ಅಮ್ಮನ್ ಹಳೇ ಟಿಕೆಟ್ ಎಕ್ಸ್‌ಪೈರ್ ಆಗಿದೆ.”

ಐತಪ್ಪನವರು ಶಾಲನ್ನು ಮಡಚಿದರು. ಮತ್ತೆ ಬಿಚ್ಚಿದರು. ಇನ್ನೊಮ್ಮೆ ಸರಿಯಾಗಿ ಮಡಚಿದರು.

“ನನ್ನದೊಂದೇ ಹಾಕು,” ಎಂದರು. “ಬರುವಾಗ ಪಕ್ಕದ ಸೀಟು ಖಾಲಿ ಉಂಟಾ ನೋಡು.”

ಅಪೂರ್ವಾ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು.

“ಇದೆ ಅಪ್ಪಾ,” ಎಂದಳು. “ಈಗ ಇದೆ.”